ಎರಡನೇ ರ‍್ಯಾಮ್ ಸ್ಟಿಕ್ ಕೊಳ್ಳುವ ಮುಂಚೆ

ರ‍್ಯಾಮ್ ಸಾಲುತ್ತಿಲ್ಲ ಅಂತ ಯಾವುದೋ ಒಂದು ಸ್ಟಿಕ್ ತಂದುಬಿಡಬೇಡಿ. ಮೊದಲು ಮದರ್‌ಬೋರ್ಡ್ ಯಾವುದನ್ನು ತೆಗೆದುಕೊಳ್ಳುತ್ತದೆ ನೋಡಿ. ಡೆಸ್ಕ್‌ಟಾಪ್‌ನ ಡಿಡಿಆರ್4, ಡಿಡಿಆರ್5 (ರ‍್ಯಾಮ್‌ನ ಹಳೆ, ಹೊಸ ತಲೆಮಾರು) ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಹಾಗಾಗಿ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಬಲವಂತ ಮಾಡಿದರೆ ಸ್ಲಾಟ್ ಹಾಳು. ಲ್ಯಾಪ್‌ಟಾಪ್‌ಗಾದರೆ ಸೋಡಿಮ್ ಅನ್ನುವ ಚಿಕ್ಕ ಸ್ಟಿಕ್ ಬೇಕು, ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಒಂದೇ 16 ಜಿಬಿ ಸ್ಟಿಕ್‌ಗಿಂತ 8 ಜಿಬಿಯ ಎರಡು ಹಾಕಿ ಅಂತಲೇ ನಾನು ಹೇಳುವುದು. 3200 ವೇಗದ ಡಿಡಿಆರ್4 ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಹೋಗಬಹುದು, ಎರಡು ಚಾನೆಲ್ (ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವಿನ ಡೇಟಾ ದಾರಿ) ಒಟ್ಟಿಗೆ ಓಡಿದರೆ ಅದು 51.2 ಆಗುತ್ತದೆ, ಇದನ್ನೇ ಡ್ಯುಯಲ್ ಚಾನೆಲ್ ಅನ್ನುವುದು. ಬ್ರೌಸರ್, ಟೈಪಿಂಗ್ ಕೆಲಸದಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ. ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡುವವರಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಯಾಕಂದ್ರೆ ಅದು ವಿಡಿಯೋ ಮೆಮೊರಿಗೂ ಇದೇ ರ‍್ಯಾಮ್ ಬಳಸುತ್ತದೆ.

ಸ್ಟಿಕ್ ಎರಡಿದ್ದರೆ ಸಾಲದು, ಸರಿಯಾದ ಸ್ಲಾಟ್‌ನಲ್ಲೂ ಇರಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು, ಅಂದರೆ ಎ2 ಮತ್ತು ಬಿ2. ಪಕ್ಕಪಕ್ಕದಲ್ಲಿ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬೀಳಬಹುದು, ಮ್ಯಾನುಯಲ್ ಒಮ್ಮೆ ನೋಡಿಕೊಳ್ಳಿ.

ಹಳೆಯದರ ಜೊತೆ ಹೊಸದು ಸೇರಿಸಬಹುದಾ? ಬಹಳಷ್ಟು ಸಲ ನಡೆಯುತ್ತದೆ, ಆದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. 8ಕ್ಕೆ 4 ಜಿಬಿ ಜೋಡಿಸಿದರೆ ಎಷ್ಟೋ ಬೋರ್ಡ್‌ಗಳಲ್ಲಿ 4+4 ಮಾತ್ರ ಡ್ಯುಯಲ್ ಚಾನೆಲ್‌ನಲ್ಲಿ ಓಡಿ, ಉಳಿದ 4 ಒಂಟಿಯಾಗಿರುತ್ತದೆ. ಒಂದೇ ಡಬ್ಬಿಯಲ್ಲಿ ಬರುವ ಜೋಡಿ ಕೊಂಡರೆ ಈ ತಲೆನೋವೇ ಇಲ್ಲ, ಅಲ್ವಾ?

ಹಾಕಿದ ಮೇಲೆ ಬಯಾಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗಿ, ಸ್ಟಿಕ್ ಅನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿ. ಇಲ್ಲದಿದ್ದರೆ 3200 ಅಂತ ಕೊಂಡ ಸ್ಟಿಕ್ ಸುಮ್ನೆ 2133 ಅಥವಾ 2666ರಲ್ಲೇ ಓಡುತ್ತಿರಬಹುದು. ಡಿಡಿಆರ್5ರಲ್ಲಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಬೋರ್ಡ್ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಪವರ್ ತೆಗೆಯಬೇಡಿ.

ವಿಂಡೋಸ್‌ನಲ್ಲಿ ಸಿಪಿಯು-ಝಡ್ ಅನ್ನುವ ಪ್ರೋಗ್ರಾಂ ತೆರೆದು ಮೆಮೊರಿ ಟ್ಯಾಬ್ ನೋಡಿ. ಅಲ್ಲಿ ಡ್ಯುಯಲ್ ಅಂತ ಇರಬೇಕು. ಡಿಡಿಆರ್5 ಆದರೆ 4 x 32 ಬಿಟ್ ಅಂತ ಕಾಣಬಹುದು, ಅದೂ ಸರಿಯೇ, ಅದರ ಪ್ರತಿ ಸ್ಟಿಕ್ ಒಳಗೂ 32 ಬಿಟ್‌ನ ಎರಡು ಭಾಗ ಇರುತ್ತವೆ. ವೇಗ ಅರ್ಧದಷ್ಟೇ ಕಾಣಿಸಿದರೂ ಚಿಂತೆ ಬೇಡ, 1600 ಅಂತ ತೋರಿಸಿದರೆ ಅದೇ 3200. ರಾತ್ರಿ ಮಲಗುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡಿ, ಒಂದೇ ಒಂದು ಎರರ್ ಬಂದರೂ ಎಕ್ಸ್‌ಎಂಪಿ ತೆಗೆದು ಮತ್ತೆ ನೋಡಿ, ಆಗಲೂ ಬಂದರೆ ವಾರಂಟಿಯಲ್ಲಿ ಬದಲಾಯಿಸಿಕೊಳ್ಳಿ.