ಹೊಸ ಹಣಕಾಸು ವ್ಯವಸ್ಥೆಗೆ ವಿಶ್ವವಿದ್ಯಾಲಯದ ಸಿಬ್ಬಂದಿಯನ್ನು ಸಜ್ಜುಗೊಳಿಸುವ ಬಗೆ

ವಿಶ್ವವಿದ್ಯಾಲಯವೊಂದು ಖರೀದಿ, ಬಿಲ್ಲು ಪಾವತಿ ಮತ್ತು ಪ್ರಯಾಣ ವೆಚ್ಚದ ಮರುಪಾವತಿಯನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸಲು ಹೊರಟಾಗ, ಸಮಯವೂ ಹಣವೂ ಬಹುಪಾಲು ತಂತ್ರಾಂಶದ ಕಡೆಗೇ ಹರಿದು, ಅದನ್ನು ದಿನನಿತ್ಯ ಬಳಸಬೇಕಾದವರ ತರಬೇತಿಯ ಸಿದ್ಧತೆಯೆಲ್ಲ ಕೊನೆಯ ಎರಡು ವಾರಕ್ಕೆ ಉಳಿದುಬಿಡುತ್ತದೆ. ಇದರ ಪರಿಣಾಮ ಏನಾಗುತ್ತದೆ ಎಂಬುದಕ್ಕೆ ಸಾರ್ವಜನಿಕ ದಾಖಲೆಗಳೇ ಇವೆ. ಕೇಂಬ್ರಿಜ್ ವಿಶ್ವವಿದ್ಯಾಲಯ 2000ರಲ್ಲಿ ‘ಕ್ಯಾಪ್ಸಾ’ ಎಂಬ ಲೆಕ್ಕಪತ್ರ ವ್ಯವಸ್ಥೆಯನ್ನು ಜಾರಿಗೆ ತಂದು ತೀವ್ರ ತೊಂದರೆಗೆ ಸಿಲುಕಿತು. ಆಂಟನಿ ಫಿಂಕಲ್‌ಸ್ಟೀನ್ ಮತ್ತು ಮೈಕೆಲ್ ಶಾಟಕ್ ಎಂಬ ತಜ್ಞರು ಈ ವೈಫಲ್ಯವನ್ನು ಪರಿಶೀಲಿಸಿ 2001ರಲ್ಲಿ ಸಲ್ಲಿಸಿದ ವರದಿಗಳು ಯೋಜನೆಯ ನಿರ್ವಹಣೆಯ ಜೊತೆಗೆ ಬಳಕೆದಾರರ ಸಿದ್ಧತೆಯಲ್ಲಿನ ಕೊರತೆಯನ್ನೂ ಎತ್ತಿ ತೋರಿಸಿದವು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ಹೊಸ ಹಣಕಾಸು ವ್ಯವಸ್ಥೆಗೆ ಬದಲಾದ ನಂತರ ಸರಬರಾಜುದಾರರ ಬಿಲ್ಲುಗಳಷ್ಟೇ ಅಲ್ಲ, ಸಂಶೋಧನಾ ವಿದ್ಯಾರ್ಥಿಗಳ ಮಾಸಿಕ ವಿದ್ಯಾರ್ಥಿವೇತನವೂ ತಡವಾಯಿತು. ವ್ಯವಸ್ಥೆ ತಡವರಿಸಿದರೆ ಮೊದಲು ಕಷ್ಟಕ್ಕೆ ಬೀಳುವವರು ಕೈಯಲ್ಲಿ ಹಣವಿಲ್ಲದವರೇ ಎಂಬುದನ್ನು ಸಿದ್ಧತೆಯ ಪ್ರತಿ ಹಂತದಲ್ಲೂ ನೆನಪಿಡಬೇಕು.

ಮೊದಲ ಕೆಲಸ, ಯಾರು ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡುವುದು. ಹುದ್ದೆಗಳ ಪಟ್ಟಿಯಿಂದ ಇದು ತಿಳಿಯುವುದಿಲ್ಲ. ವಿಭಾಗದ ಗುಮಾಸ್ತರೊಬ್ಬರ ಪಕ್ಕದಲ್ಲಿ ಒಂದು ಪೂರ್ತಿ ದಿನ ಕುಳಿತರೆ, ಅಧಿಕೃತ ತಂತ್ರಾಂಶದ ಜೊತೆಗೆ ಅವರು ತಮ್ಮದೇ ಒಂದು ಎಕ್ಸೆಲ್ ಕಡತವನ್ನೋ ಗೆರೆ ಎಳೆದ ನೋಟ್‌ಬುಕ್ಕನ್ನೋ ಇಟ್ಟುಕೊಂಡಿರುವುದು ಕಾಣುತ್ತದೆ. ಯಾವ ಯೋಜನೆಯ ಅನುದಾನದಲ್ಲಿ ಎಷ್ಟು ಉಳಿದಿದೆ, ಯಾವ ಬಿಲ್ಲು ಯಾರ ಮೇಜಿನ ಮೇಲಿದೆ, ಯಾರ ಮುಂಗಡ ಇನ್ನೂ ತೀರಿಲ್ಲ ಎಂಬುದೆಲ್ಲ ಅದರಲ್ಲಿರುತ್ತದೆ. ಈ ಖಾಸಗಿ ದಾಖಲೆಗಳನ್ನು ಆಕ್ಷೇಪಿಸದೆ, ಗೌರವದಿಂದ ಕೇಳಿ ಪಟ್ಟಿ ಮಾಡಿಕೊಳ್ಳಿ. ಹಳೆಯ ವ್ಯವಸ್ಥೆ ಏನನ್ನು ಕೊಡುತ್ತಿರಲಿಲ್ಲ ಎಂಬುದನ್ನು ಅವುಗಳಿಗಿಂತ ಚೆನ್ನಾಗಿ ಯಾವ ಸಮೀಕ್ಷೆಯೂ ಹೇಳಲಾರದು. ಹೊಸ ವ್ಯವಸ್ಥೆಯಲ್ಲಿ ಅದೇ ಮಾಹಿತಿ ಎಲ್ಲಿ ಸಿಗುತ್ತದೆ ಎಂದು ತೋರಿಸದಿದ್ದರೆ ಆ ನೋಟ್‌ಬುಕ್ ಮುಂದುವರಿಯುತ್ತದೆ, ಆಮೇಲೆ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗದೆ ಜಗಳಕ್ಕೆ ಕಾರಣವಾಗುತ್ತವೆ.

ಹೀಗೆ ನೋಡಿದ ಮೇಲೆ ಬಳಕೆದಾರರು ಮೂರು ಗುಂಪಾಗಿ ತಾವೇ ಬೇರ್ಪಡುತ್ತಾರೆ: ವರ್ಷಕ್ಕೆ ಒಂದೆರಡು ಬಾರಿ ವೆಚ್ಚದ ಕೋರಿಕೆ ಸಲ್ಲಿಸುವ ಅಧ್ಯಾಪಕರು ಮತ್ತು ಸಂಶೋಧಕರು, ಅನುಮೋದಿಸುವ ಮುಖ್ಯಸ್ಥರು, ದಿನವಿಡೀ ಇದೇ ಕೆಲಸ ಮಾಡುವ ಕಚೇರಿ ಸಿಬ್ಬಂದಿ. ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಒಂದೇ ಪ್ರಾತ್ಯಕ್ಷಿಕೆ ತೋರಿಸುವುದರಿಂದ ಮೂವರಿಗೂ ಪ್ರಯೋಜನವಿಲ್ಲ.

ಕಚೇರಿ ಸಿಬ್ಬಂದಿಗೆ ಪರದೆಗಿಂತ ಮೊದಲು ಕೆಲಸದ ಕ್ರಮ ಬದಲಾಗುತ್ತಿರುವುದನ್ನು ವಿವರಿಸಬೇಕು. ಅನೇಕ ವಿಭಾಗಗಳಲ್ಲಿ ಮೊದಲು ಸಾಮಗ್ರಿ ತರಿಸಿ, ಬಿಲ್ಲು ಬಂದ ಮೇಲೆ ಕಾಗದಪತ್ರ ಹೊಂದಿಸುವ ರೂಢಿ ಇರುತ್ತದೆ. ಹೊಸ ವ್ಯವಸ್ಥೆಗಳು ಸಾಮಾನ್ಯವಾಗಿ ಇದಕ್ಕೆ ಅವಕಾಶ ಕೊಡುವುದಿಲ್ಲ: ಮೊದಲು ಖರೀದಿ ಆದೇಶ, ನಂತರ ಸಾಮಗ್ರಿ ಬಂದ ದಾಖಲೆ, ಕೊನೆಗೆ ಮಾರಾಟಗಾರರ ಬಿಲ್ಲು; ಈ ಮೂರರಲ್ಲಿನ ಪ್ರಮಾಣ ಮತ್ತು ದರ ತಾಳೆಯಾದರೆ ಮಾತ್ರ ಪಾವತಿ. ಆದೇಶಕ್ಕೆ ಅನುಮೋದನೆ ಸಿಕ್ಕ ಕ್ಷಣದಿಂದಲೇ ಅಷ್ಟು ಮೊತ್ತ ವಿಭಾಗದ ಆಯವ್ಯಯದಲ್ಲಿ ಕಾದಿರಿಸಿದ ಹಣವಾಗಿ ಕಾಣುತ್ತದೆ. ಇದು ತಿಳಿಯದವರು ಹಣ ಎಲ್ಲಿ ಹೋಯಿತೆಂದು ಗಾಬರಿಯಾಗುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಬಿಲ್ಲುಗಳು ನಿಲ್ಲುವುದು ಎರಡನೆಯ ಹಂತದಲ್ಲಿ. ಪ್ರಯೋಗಾಲಯದ ಸಹಾಯಕರು ಪೆಟ್ಟಿಗೆ ಬಿಚ್ಚಿ ಸಾಮಗ್ರಿ ಬಳಸಲು ಶುರುಮಾಡಿರುತ್ತಾರೆ, ಆದರೆ ಅದು ಬಂದಿದೆ ಎಂದು ವ್ಯವಸ್ಥೆಯಲ್ಲಿ ಯಾರೂ ನಮೂದಿಸಿರುವುದಿಲ್ಲ. ಹಣಕಾಸು ವಿಭಾಗ ಸಾಮಗ್ರಿಯೇ ಬಂದಿಲ್ಲವೆಂದು ಬಿಲ್ಲನ್ನು ತಡೆಹಿಡಿದಿರುತ್ತದೆ, ಮಾರಾಟಗಾರರು ವಿಭಾಗಕ್ಕೆ ಫೋನ್ ಮಾಡುತ್ತಲೇ ಇರುತ್ತಾರೆ. ಆದ್ದರಿಂದ ಸಾಮಗ್ರಿಯನ್ನು ಕೈಯಾರೆ ಪಡೆಯುವವರು ಯಾರು ಎಂದು ವಿಭಾಗವಾರು ಕೇಳಿ, ಅವರ ಹುದ್ದೆ ಯಾವುದೇ ಇರಲಿ, ಅವರನ್ನು ತರಬೇತಿಗೆ ಕರೆಯಿರಿ.

ಲೆಕ್ಕ ಶೀರ್ಷಿಕೆಗಳ, ಅಂದರೆ ಒಂದು ಖರ್ಚು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಸೂಚಿಸುವ ಸಂಖ್ಯೆಗಳ, ವಿಷಯವನ್ನೂ ಬೇಗ ಕೈಗೆತ್ತಿಕೊಳ್ಳಬೇಕು. ಹಳೆಯದರಲ್ಲಿ ಒಂದೇ ಸಂಖ್ಯೆಯಾಗಿದ್ದದ್ದು ಹೊಸದರಲ್ಲಿ ವಿಭಾಗ, ವೆಚ್ಚದ ಬಗೆ, ಅನುದಾನದ ಮೂಲ, ಯೋಜನೆ ಎಂದು ನಾಲ್ಕಾರು ಭಾಗಗಳಾಗಿ ಒಡೆಯಬಹುದು. ಇಡೀ ವಿಶ್ವವಿದ್ಯಾಲಯದ ಸಾವಿರಾರು ಸಾಲಿನ ಪಟ್ಟಿಯನ್ನು ಇಮೇಲ್‌ನಲ್ಲಿ ಕಳುಹಿಸಿ ಕೈತೊಳೆದುಕೊಳ್ಳಬೇಡಿ. ಪ್ರತಿ ವಿಭಾಗಕ್ಕೂ ಅದು ನಿಜವಾಗಿ ಬಳಸುವ ಶೀರ್ಷಿಕೆಗಳನ್ನು ಮಾತ್ರ ಎತ್ತಿ, ಎಡಗಡೆ ಹಳೆಯದು, ಬಲಗಡೆ ಹೊಸದು ಎಂದು ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಡಿ.

ತರಬೇತಿಯನ್ನು ವ್ಯವಸ್ಥೆ ಜಾರಿಯಾಗುವ ದಿನಕ್ಕೆ ಎರಡು ಮೂರು ವಾರ ಮುಂಚೆ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಮೊದಲು ಕಲಿಸಿದ್ದು ಬಳಸುವ ಹೊತ್ತಿಗೆ ಮರೆತುಹೋಗುತ್ತದೆ. ಒಂದು ಕೊಠಡಿಗೆ ಹತ್ತು ಜನ ಮೀರದಿರಲಿ, ಪ್ರತಿಯೊಬ್ಬರಿಗೂ ಅಭ್ಯಾಸದ ಪ್ರತಿಯಲ್ಲಿ (ಕಲಿಕೆಗೆಂದೇ ಇಟ್ಟ ತಂತ್ರಾಂಶದ ನಕಲಿನಲ್ಲಿ) ಅವರದೇ ಲಾಗಿನ್ ಇರಲಿ, ಅವರು ನಿಜವಾಗಿ ಮುಗಿಸಿದ ಹಳೆಯ ಬಿಲ್ಲುಗಳನ್ನೇ ತರಲು ಹೇಳಿ. ಕಲಿಸುವವರು ಕಲಿಯುವವರ ಮೌಸ್ ಮುಟ್ಟಬಾರದು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ‘ಕೊಡಿ, ಮಾಡಿ ತೋರಿಸುತ್ತೇನೆ’ ಎಂದು ಕೈ ಚಾಚಿದ ಕೂಡಲೇ ಎದುರಿಗಿರುವವರು ಹಿಂದಕ್ಕೆ ಸರಿದು ನೋಡುಗರಾಗಿಬಿಡುತ್ತಾರೆ.

ಅಭ್ಯಾಸಕ್ಕೆ ಸುಲಭದ ಉದಾಹರಣೆ ಬೇಡ. ವಿಚಾರ ಸಂಕಿರಣಕ್ಕೆ ಹೋಗಿಬಂದ ಸಂಶೋಧಕರೊಬ್ಬರ ಕೋರಿಕೆಯನ್ನು ಎತ್ತಿಕೊಳ್ಳಿ: ವಿಮಾನದ ಟಿಕೆಟ್ಟನ್ನು ವಿಶ್ವವಿದ್ಯಾಲಯವೇ ಮೊದಲು ಕಾಯ್ದಿರಿಸಿದೆ; ನೋಂದಣಿ ಶುಲ್ಕವನ್ನು ಅವರು ಸ್ವಂತ ಕಾರ್ಡಿನಿಂದ ವಿದೇಶಿ ಕರೆನ್ಸಿಯಲ್ಲಿ ಕಟ್ಟಿದ್ದಾರೆ; ವಸತಿಯ ಬಿಲ್ಲು ಇಬ್ಬರ ಹೆಸರಿನಲ್ಲಿದೆ; ಟ್ಯಾಕ್ಸಿ ರಸೀದಿಯೊಂದರ ಅಕ್ಷರ ಮಾಸಿಹೋಗಿದೆ; ಹೊರಡುವ ಮುನ್ನ ಸ್ವಲ್ಪ ಮುಂಗಡವನ್ನೂ ಪಡೆದಿದ್ದಾರೆ. ಟಿಕೆಟ್ ಮೊತ್ತ ಮರುಪಾವತಿಗೆ ಸೇರಬಾರದು, ಕರೆನ್ಸಿ ದರಕ್ಕೆ ಕಾರ್ಡಿನ ವಿವರಪಟ್ಟಿಯನ್ನು ಲಗತ್ತಿಸಬೇಕು, ವಸತಿಯಲ್ಲಿ ತಮ್ಮ ಪಾಲನ್ನಷ್ಟೇ ಕೇಳಬೇಕು, ಮಾಸಿದ ರಸೀದಿಗೆ ನಿಯಮದಂತೆ ಸ್ವಯಂ ಘೋಷಣೆ ಬರೆಯಬೇಕು, ಕೊನೆಗೆ ಒಟ್ಟು ಮೊತ್ತದಿಂದ ಮುಂಗಡವನ್ನು ಕಳೆಯಬೇಕು. ದಿನಭತ್ಯೆ ಪಡೆದ ದಿನಗಳಲ್ಲಿ ಊಟದ ಬಿಲ್ಲನ್ನು ಮತ್ತೆ ಸೇರಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. ಇಷ್ಟನ್ನು ತಮ್ಮ ಕೈಯಿಂದ ಒಮ್ಮೆ ನಮೂದಿಸಿದವರಿಗೆ ಉಳಿದ ಕೋರಿಕೆಗಳು ಹಗುರವಾಗುತ್ತವೆ. ನಂತರ ಅದೇ ಕೋರಿಕೆಯನ್ನು ಬೇಕೆಂದೇ ತಿರಸ್ಕರಿಸಿ ವಾಪಸ್ ಕಳುಹಿಸಿ. ವಾಪಸ್ ಬಂದದ್ದು ಎಲ್ಲಿ ಕಾಣುತ್ತದೆ, ತಿದ್ದಿ ಮತ್ತೆ ಕಳುಹಿಸುವುದು ಹೇಗೆ ಎಂಬುದನ್ನು ಎಷ್ಟೋ ತರಬೇತಿಗಳು ಮುಟ್ಟುವುದೇ ಇಲ್ಲ.

ಅಧ್ಯಾಪಕರನ್ನು ಅರ್ಧ ದಿನ ಕೂರಿಸುವ ಅಗತ್ಯವಿಲ್ಲ. ಪ್ರಯಾಣದ ದಿನವೇ ರಸೀದಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಸೇರಿಸುವುದು ಹೇಗೆ, ಕೋರಿಕೆ ಈಗ ಯಾರ ಬಳಿ ಇದೆ ಎಂದು ನೋಡುವುದು ಹೇಗೆ ಎಂಬ ಎರಡು ಸಂಗತಿಗಳನ್ನು ವಿಭಾಗದ ಸಭೆಯಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದು.

ಅನುಮೋದಿಸುವವರಿಗೆ ಅರ್ಧ ಗಂಟೆ ಸಾಕು, ಆದರೆ ಅದನ್ನು ಅವರು ಸ್ವತಃ ಕೊಡಬೇಕು. ಹಳೆಯ ವ್ಯವಸ್ಥೆಯಲ್ಲಿ ತಮ್ಮ ಪಾಸ್‌ವರ್ಡನ್ನು ಗುಮಾಸ್ತರ ಕೈಗೆ ಕೊಟ್ಟಿದ್ದ ಮುಖ್ಯಸ್ಥರು ಅದೇ ಅನುಕೂಲವನ್ನು ಮತ್ತೆ ಕೇಳುತ್ತಾರೆ. ಇದಕ್ಕೆ ನಯವಾಗಿಯೇ, ಆದರೆ ಖಚಿತವಾಗಿ ಇಲ್ಲವೆನ್ನಬೇಕು: ಸಲ್ಲಿಸುವವರು ಮತ್ತು ಅನುಮೋದಿಸುವವರು ಬೇರೆ ಬೇರೆ ಇರಬೇಕೆಂಬ ನಿಯಮ ಹಣವನ್ನು ಮಾತ್ರವಲ್ಲ, ನಾಳೆ ಲೆಕ್ಕಪರಿಶೋಧಕರ ಪ್ರಶ್ನೆಗೆ ಉತ್ತರಿಸಬೇಕಾದ ಆ ಗುಮಾಸ್ತರನ್ನೂ ಕಾಪಾಡುತ್ತದೆ. ರಜೆಯಲ್ಲೋ ಪ್ರವಾಸದಲ್ಲೋ ಇರುವಾಗ ತಮ್ಮ ಅಧಿಕಾರವನ್ನು ವ್ಯವಸ್ಥೆಯೊಳಗೇ ಮತ್ತೊಬ್ಬರಿಗೆ, ನಿಗದಿತ ದಿನಾಂಕದವರೆಗೆ ವಹಿಸುವುದನ್ನು ಅವರು ತರಬೇತಿಯಲ್ಲೇ ಮಾಡಿ ನೋಡಲಿ.

ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯುವ ದಿನವನ್ನು ಹಣಕಾಸು ವರ್ಷದ ಕೊನೆ, ಪ್ರವೇಶಾತಿ, ದೊಡ್ಡ ಅನುದಾನಗಳ ವರದಿ ಈ ಮೂರರಿಂದಲೂ ಆದಷ್ಟು ದೂರವಿಡಲು ಹಣಕಾಸು ಅಧಿಕಾರಿಗಳನ್ನು ಒಪ್ಪಿಸಿ. ವರ್ಷಾರಂಭದಲ್ಲೇ ಶುರುಮಾಡುವುದರಿಂದ ಲೆಕ್ಕಕ್ಕೆ ಅನುಕೂಲವಿದೆ ನಿಜ. ಹಾಗೆ ನಿರ್ಧರಿಸಿದರೆ ವರ್ಷಾಂತ್ಯದ ಹೊರೆ ಮತ್ತು ಹೊಸ ಕಲಿಕೆ ಒಂದೇ ಜನರ ತಲೆಯ ಮೇಲೆ ಬೀಳುವುದರಿಂದ ತಾತ್ಕಾಲಿಕ ಸಹಾಯಕರನ್ನು ಮೊದಲೇ ನೇಮಿಸಬೇಕು. ಎಂಟು ವಾರ ಮುಂಚೆಯೇ ಪ್ರತಿ ವಿಭಾಗಕ್ಕೂ ಅದರ ಬಾಕಿಗಳ ಪಟ್ಟಿ ಕಳುಹಿಸಿ: ತೀರದ ಮುಂಗಡಗಳು, ಸಾಮಗ್ರಿ ಬಾರದ ಆದೇಶಗಳು, ಅರ್ಧಕ್ಕೆ ನಿಂತ ಕೋರಿಕೆಗಳು. ಹೊಸ ವ್ಯವಸ್ಥೆಗೆ ಹೋಗುವ ಹಳೆಯ ಕಡತ ಕಡಿಮೆಯಾದಷ್ಟೂ ಒಳ್ಳೆಯದು. ಕೋರಿಕೆಗಳನ್ನು ಸ್ವೀಕರಿಸುವ ಕೊನೆಯ ದಿನವನ್ನು ಸುತ್ತೋಲೆಯಲ್ಲಿ ದಿನಾಂಕ ಮತ್ತು ಗಂಟೆಯೊಂದಿಗೆ ತಿಳಿಸಿ. ಎರಡೂ ವ್ಯವಸ್ಥೆಗಳು ಮುಚ್ಚಿರುವ ದಿನಗಳಲ್ಲಿ ವಿದ್ಯಾರ್ಥಿವೇತನ ಮತ್ತು ತುರ್ತು ಪಾವತಿಗಳನ್ನು ಯಾರ ಸಹಿಯ ಮೇಲೆ, ಯಾವ ಖಾತೆಯಿಂದ ಮಾಡಬೇಕು ಎಂಬುದು ಮೊದಲೇ ಲಿಖಿತವಾಗಿರಬೇಕು. ಆರಂಭ ಶಿಲ್ಕನ್ನು, ಅಂದರೆ ಹಳೆಯದರಿಂದ ಹೊಸ ವ್ಯವಸ್ಥೆಗೆ ತಂದ ಉಳಿಕೆ ಮೊತ್ತವನ್ನು, ಹಣಕಾಸು ವಿಭಾಗ ಮಾತ್ರ ನೋಡಿದರೆ ಸಾಲದು. ಪ್ರತಿ ಯೋಜನೆಯ ಉಳಿಕೆಯನ್ನು ಆ ಯೋಜನೆಯ ಮುಖ್ಯ ಸಂಶೋಧಕರೇ ಪರಿಶೀಲಿಸಿ ಸಹಿ ಮಾಡಲಿ.

ಮೊದಲ ವಾರಗಳಲ್ಲಿ ನೆರವು ವಿಭಾಗದ ಬಾಗಿಲಿನಲ್ಲೇ ಸಿಗಬೇಕು. ಪ್ರತಿ ಕಟ್ಟಡಕ್ಕೂ ಚೆನ್ನಾಗಿ ಕಲಿತ ಒಬ್ಬ ಸಹೋದ್ಯೋಗಿಯನ್ನು ಗುರುತಿಸಿ, ಆ ಅವಧಿಗೆ ಅವರ ಇತರ ಕೆಲಸವನ್ನು ನಿಜವಾಗಿ ಇಳಿಸಿ. ಮಾಮೂಲಿ ಕೆಲಸದ ಜೊತೆಗೆ ಇದನ್ನೂ ನೋಡಿಕೊಳ್ಳಿ ಎಂದರೆ ಎರಡೂ ಕೆಡುತ್ತವೆ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಹೀಗೆ ಇಳಿಸದಿದ್ದ ಕಾರಣ, ಅತ್ಯಂತ ಚೆನ್ನಾಗಿ ಕಲಿತಿದ್ದ ಸಹಾಯಕಿ ಮೂರನೆಯ ವಾರ ದಣಿದು ರಜೆಗೆ ಹೋದರು, ಅವರನ್ನೇ ನಂಬಿದ್ದ ನಾಲ್ಕು ವಿಭಾಗಗಳು ಕೈಕಟ್ಟಿ ಕುಳಿತವು. ಪ್ರತಿದಿನ ಬೆಳಿಗ್ಗೆ, ನಿಂತಿರುವ ಕೋರಿಕೆಗಳನ್ನು ಎಷ್ಟು ದಿನದಿಂದ ನಿಂತಿವೆ ಎಂಬ ಕ್ರಮದಲ್ಲಿ ಪಟ್ಟಿ ಮಾಡಿ, ಹಳೆಯದರಿಂದ ಶುರುಮಾಡಿ ಒಂದೊಂದಕ್ಕೂ ಕಾರಣ ಬರೆಯಿರಿ. ಒಂದೇ ಕಾರಣ ಐದಾರು ಕಡೆ ಕಂಡರೆ ತಪ್ಪು ಬಳಕೆದಾರರದ್ದಲ್ಲ. ಸೂಚನೆಯನ್ನೋ ವ್ಯವಸ್ಥೆಯನ್ನೋ ತಿದ್ದಬೇಕು.

ಮೊದಲ ತಿಂಗಳಾಂತ್ಯದ ಲೆಕ್ಕ ಮುಗಿದ ಮೇಲೆ ಕಚೇರಿ ಸಿಬ್ಬಂದಿಯನ್ನು ಮತ್ತೊಮ್ಮೆ ಅದೇ ಚಿಕ್ಕ ಗುಂಪುಗಳಲ್ಲಿ ಕೂರಿಸಿ. ಮೊದಲ ತರಬೇತಿಯಲ್ಲಿ ಕೇಳಲು ತೋಚದ ಪ್ರಶ್ನೆಗಳು ಈಗ ಅವರ ಬಳಿ ಸಿದ್ಧವಾಗಿರುತ್ತವೆ, ಹೀಗಾಗಿ ಈ ಎರಡನೆಯ ಸುತ್ತೇ ಹೆಚ್ಚು ಫಲ ಕೊಡುತ್ತದೆ. ಅಭ್ಯಾಸದ ಪ್ರತಿಯನ್ನು ಮುಚ್ಚದೆ ಹೊಸದಾಗಿ ಸೇರುವವರಿಗಾಗಿ ಉಳಿಸಿಕೊಳ್ಳಿ. ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದಿಟ್ಟು, ಅದನ್ನು ನೋಡಲು ಯಾರಿಗೆ ಅನುಮತಿಯಿದೆ ಎಂಬ ಪಟ್ಟಿಯನ್ನು ಲೆಕ್ಕಪರಿಶೋಧನಾ ವಿಭಾಗಕ್ಕೆ ಕೊಡಿ.