ಡೇಂಜರ್, ವಾರ್ನಿಂಗ್, ಕಾಷನ್: ಯಂತ್ರದ ಲೇಬಲ್‌ಗಳಿಗೆ ಕನ್ನಡ ಹೊಂದಿಸಿದ ಬಗೆ

ಬೆಂಗಳೂರಿನಲ್ಲಿ ತಯಾರಾಗುವ ಯಂತ್ರಗಳಿಗೆ ಬಳಕೆಯ ಕೈಪಿಡಿಗಳನ್ನೂ, ಅವುಗಳ ಮೈಮೇಲೆ ಅಂಟಿಸುವ ಸುರಕ್ಷತಾ ಲೇಬಲ್‌ಗಳನ್ನೂ ಬರೆಯುವುದು ನನ್ನ ಉದ್ಯೋಗ. ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ತಗಡು ಬಗ್ಗಿಸುವ ಹೈಡ್ರಾಲಿಕ್ ಪ್ರೆಸ್ ಬ್ರೇಕ್ ಒಂದಕ್ಕೆ ಕನ್ನಡದ ಲೇಬಲ್‌ಗಳೂ ಬೇಕೆಂದು ಗ್ರಾಹಕರು ಕೇಳಿದಾಗ, ಅಪಾಯವನ್ನು ಮುಂಚಿತವಾಗಿ ತಿಳಿಸುವ ನಾಲ್ಕು ಇಂಗ್ಲಿಷ್ ಪದಗಳನ್ನು ನಾನು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕಾಯಿತು.

ಮಾತಿನಲ್ಲಿ ಡೇಂಜರ್, ವಾರ್ನಿಂಗ್, ಕಾಷನ್ ಎಂಬವುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸಿದರೂ ನಡೆಯುತ್ತದೆ. ಲೇಬಲ್ಲಿನ ಮೇಲೆ ನಡೆಯುವುದಿಲ್ಲ. 1991ರಲ್ಲಿ ಮೊದಲು ಪ್ರಕಟವಾದ ಅಮೆರಿಕದ ಎಎನ್‌ಎಸ್‌ಐ ಝಡ್535 ಮಾನಕ ಸರಣಿಯು ಇವುಗಳಿಗೆ ಮೆಟ್ಟಿಲುಗಳನ್ನು ಗೊತ್ತುಮಾಡಿದೆ. ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ಆಗುತ್ತದೆ ಎನ್ನುವ ಕಡೆ ಕೆಂಪು ಪಟ್ಟಿಯ ಡೇಂಜರ್. ಅಂಥದೇ ಅನಾಹುತ ಆಗಬಹುದು ಎನ್ನುವ ಕಡೆ ಕಿತ್ತಳೆ ಪಟ್ಟಿಯ ವಾರ್ನಿಂಗ್. ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದಾದರೆ ಹಳದಿ ಪಟ್ಟಿಯ ಕಾಷನ್. ಮನುಷ್ಯರಿಗೆ ಗಾಯವಾಗುವ ಸಂಭವವಿಲ್ಲದೆ ಯಂತ್ರವೋ ಸಾಮಾನೋ ಹಾಳಾಗುವಂತಿದ್ದರೆ ನೀಲಿ ಪಟ್ಟಿಯ ನೋಟಿಸ್. ಗಮನಿಸಬೇಕಾದದ್ದೆಂದರೆ, ಡೇಂಜರ್ ಮತ್ತು ವಾರ್ನಿಂಗ್‌ಗಳ ನಡುವೆ ಗಾಯದ ತೀವ್ರತೆಯಲ್ಲಿ ವ್ಯತ್ಯಾಸವಿಲ್ಲ, ಅದು ಸಂಭವಿಸುವ ಖಚಿತತೆಯಲ್ಲಿ ಮಾತ್ರ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ಒಪ್ಪಿಕೊಳ್ಳಲು ಸಮಯ ಹಿಡಿಯುತ್ತದೆ, ಏಕೆಂದರೆ ಭಯ ಹುಟ್ಟಿಸುವ ಪ್ರತಿಯೊಂದಕ್ಕೂ ಕೆಂಪು ಹಚ್ಚಬೇಕೆಂದು ಮನಸ್ಸು ಹೇಳುತ್ತದೆ. ಮಾರಾಟ ವಿಭಾಗದವರ ಮನಸ್ಸು ಹಳದಿಯತ್ತ ಎಳೆಯುತ್ತದೆ. ಅದು ಬೇರೆ ಕಥೆ.

ಈ ಮೆಟ್ಟಿಲುಗಳು ಎಲ್ಲೆಡೆಯೂ ಒಂದೇ ಆಗಿಲ್ಲ ಎಂಬುದು ನನ್ನ ಕೆಲಸವನ್ನು ಕಷ್ಟಗೊಳಿಸಿದ ಸಂಗತಿ. ರಾಸಾಯನಿಕಗಳಿಗಾಗಿ ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ವ್ಯವಸ್ಥೆಯಲ್ಲಿ ಡೇಂಜರ್ ಮತ್ತು ವಾರ್ನಿಂಗ್ ಎಂಬ ಎರಡೇ ಪದಗಳಿವೆ. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳಂತೆ ಔಷಧಿ ಡಬ್ಬಿಯ ಮೇಲಿನ ವಜ್ರಾಕೃತಿಯಲ್ಲಿ ಅತಿ ವಿಷಕಾರಿಗೆ ಕೆಂಪು, ಹೆಚ್ಚು ವಿಷಕಾರಿಗೆ ಹಳದಿ, ಮಧ್ಯಮಕ್ಕೆ ನೀಲಿ, ಅಲ್ಪಕ್ಕೆ ಹಸಿರು ಬಣ್ಣಗಳಿರುತ್ತವೆ. ಮೊದಲ ಎರಡರ ಮೇಲೆ ಪಾಯ್ಸನ್ ಎಂದೂ, ನೀಲಿಯ ಮೇಲೆ ಡೇಂಜರ್ ಎಂದೂ, ಹಸಿರಿನ ಮೇಲೆ ಕಾಷನ್ ಎಂದೂ ಬರೆಯಲಾಗುತ್ತದೆ. ಅಂದರೆ ಯಂತ್ರದ ಮೇಲೆ ಅತ್ಯುನ್ನತ ಸ್ಥಾನದಲ್ಲಿರುವ ಡೇಂಜರ್, ಹೊಲದ ಡಬ್ಬಿಯ ಮೇಲೆ ಮೂರನೆಯ ಸ್ಥಾನಕ್ಕೆ ಇಳಿಯುತ್ತದೆ, ಮತ್ತು ಯಂತ್ರದ ಮೇಲೆ ಗಾಯವೇ ಆಗದು ಎನ್ನುವ ನೀಲಿ ಬಣ್ಣ ಅಲ್ಲಿ ವಿಷದ ಬಣ್ಣವಾಗುತ್ತದೆ. ಊರಿನಲ್ಲಿ ಜಮೀನು ಇಟ್ಟುಕೊಂಡು ಕಾರ್ಖಾನೆಯಲ್ಲಿ ದುಡಿಯುವವರು ಈ ಎರಡೂ ಲೇಬಲ್‌ಗಳನ್ನು ನೋಡುತ್ತಾರೆ. ಆದ್ದರಿಂದ ಬಣ್ಣವನ್ನೋ ತಲೆಬರಹವನ್ನೋ ಮಾತ್ರ ನಂಬದೆ, ಅದರ ಕೆಳಗಿನ ವಾಕ್ಯವೇ ತೀವ್ರತೆಯನ್ನು ಹೇಳುವಂತೆ ಬರೆಯಬೇಕೆಂದು ನಾನು ನಿಶ್ಚಯಿಸಿದೆ.

ತಲೆಬರಹಗಳಲ್ಲಿ ಮೊದಲನೆಯದು ಸುಲಭವಾಗಿತ್ತು. ಟ್ರಾನ್ಸ್‌ಫಾರ್ಮರ್ ಕಂಬದ ತಲೆಬುರುಡೆಯ ಫಲಕದಿಂದಾಗಿ ‘ಅಪಾಯ’ ಎಂಬುದು ಎಲ್ಲರ ಕಣ್ಣಿಗೂ ಪರಿಚಿತವಾಗಿದೆ. ವಾರ್ನಿಂಗ್‌ಗೆ ‘ಎಚ್ಚರಿಕೆ’ ಎಂದಿಟ್ಟೆ. ಕಾರ್ಖಾನೆಯ ಮಾತಿನಲ್ಲಿ ವಾರ್ನಿಂಗ್ ಎಂದರೆ ತಡವಾಗಿ ಬಂದವರಿಗೆ ಸಿಗುವ ಮೆಮೋ, ಆ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸುವುದು ಸರಿಯೆನಿಸಲಿಲ್ಲ. ನೋಟಿಸ್‌ಗೂ ಇದೇ ತೊಡಕು, ಅದು ವಕೀಲರ ಕಡೆಯಿಂದ ಬರುವ ಕಾಗದ. ಅಲ್ಲಿ ‘ಸೂಚನೆ’ ಸಾಕಾಯಿತು. ಚರ್ಚೆ ಬೆಳೆದದ್ದು ಕಾಷನ್ನಿನ ಬಗ್ಗೆ. ‘ಎಚ್ಚರ’ ಎಂದರೆ ದೂರದಿಂದ ‘ಎಚ್ಚರಿಕೆ’ಯಂತೆಯೇ ಕಾಣುತ್ತದೆ. ‘ಜಾಗ್ರತೆ’ ಶಿಷ್ಟ ಪದ, ಆದರೆ ಹಳೆ ಮೈಸೂರಿನ ಹಿರಿಯರ ಬಾಯಲ್ಲಿ ‘ಜಾಗ್ರತೆ ಬಾ’ ಎಂದರೆ ಬೇಗ ಬಾ ಎಂದರ್ಥ, ಮತ್ತು ಅವಸರವು ಪ್ರೆಸ್ಸಿನ ಮುಂದೆ ಯಾರಿಗೂ ಬೇಡವಾದದ್ದು. ‘ಜೋಕೆ’ಯಲ್ಲಿ ಗದರಿಕೆಯಿದೆ, ‘ಜೋಪಾನ’ದಲ್ಲಿ ಅಕ್ಕರೆಯಿದೆ. ಕೊನೆಗೆ ನಾನು ‘ಹುಷಾರು’ ಎಂದು ಬರೆದೆ. ಅಚ್ಚಿನಲ್ಲಿ ಇದು ತೀರಾ ಆಡುಮಾತಾಯಿತು ಎಂಬ ಆಕ್ಷೇಪ ಕಚೇರಿಯೊಳಗಿನಿಂದ ಬಂತು, ಯಂತ್ರ ನಡೆಸುವವರಿಂದ ಬರಲಿಲ್ಲ; ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳುವ ಪದವೇ ಅದಾಗಿರುವುದರಿಂದ ಅದನ್ನೇ ಉಳಿಸಿಕೊಂಡೆವು.

ತಲೆಬರಹಕ್ಕಿಂತ ವಾಕ್ಯಕ್ಕೆ ಹೆಚ್ಚು ಶ್ರಮ ಬೇಕಾಯಿತು. ಲೇಬಲ್ಲಿನಲ್ಲಿ ಅಪಾಯ ಯಾವುದು, ಅದರಿಂದ ಏನಾಗುತ್ತದೆ, ಹೇಗೆ ತಪ್ಪಿಸಿಕೊಳ್ಳಬೇಕು ಎಂಬ ಮೂರೂ ಇರಬೇಕು. ಇಂಗ್ಲಿಷಿನಲ್ಲಿ ಅಪಾಯವನ್ನು ‘ಹಾಟ್ ಸರ್ಫೇಸ್’, ‘ಪಿಂಚ್ ಪಾಯಿಂಟ್’ ಎಂದು ಹೆಸರಿಸಿ ಮುಗಿಸುತ್ತಾರೆ. ಅದನ್ನು ‘ಬಿಸಿ ಮೇಲ್ಮೈ’ ಎಂದು ಮಾಡಿದರೆ ಅದು ಪಠ್ಯಪುಸ್ತಕದ ಮಾತಾಗುತ್ತದೆ. ಕನ್ನಡಕ್ಕೆ ಕ್ರಿಯಾಪದ ಒಗ್ಗುತ್ತದೆ: ‘ಸುಡುತ್ತದೆ, ಮುಟ್ಟಬೇಡಿ’, ‘ಬೆರಳು ಸಿಕ್ಕಿಕೊಳ್ಳುತ್ತದೆ’. ಖಚಿತತೆಯ ಮೆಟ್ಟಿಲನ್ನೂ ಕ್ರಿಯಾಪದವೇ ಹೊರುತ್ತದೆ. ಅಪಾಯದ ಲೇಬಲ್ಲಿನಲ್ಲಿ ‘ಕೈ ತುಂಡಾಗುತ್ತದೆ’ ಎಂದೂ, ಎಚ್ಚರಿಕೆಯ ಲೇಬಲ್ಲಿನಲ್ಲಿ ‘ಕೈ ತುಂಡಾಗಬಹುದು’ ಎಂದೂ ಬರೆದೆ. ಆದರೆ ‘ಬಹುದು’ ಎಂಬುದು ಅನುಮತಿಯೂ ಆಗುವುದರಿಂದ, ನೋಡುಗನೇ ಕರ್ತೃವಾದ ವಾಕ್ಯದಲ್ಲಿ ಅದನ್ನು ಎಲ್ಲಿಯೂ ಬಳಸಲಿಲ್ಲ.

ಇನ್ನು ನಿಷೇಧ. ಇಂಗ್ಲಿಷಿನಲ್ಲಿ ಬೇಡವೆಂಬುದು ವಾಕ್ಯದ ಆರಂಭದಲ್ಲೇ ಬರುತ್ತದೆ, ನಮ್ಮಲ್ಲಿ ಅದು ಕೊನೆಯ ಎರಡಕ್ಷರದಲ್ಲಿ ಕುಳಿತಿರುತ್ತದೆ. ‘ಯಂತ್ರ ಚಾಲನೆಯಲ್ಲಿರುವಾಗ ಹಿಂಬದಿಯ ಗಾರ್ಡ್ ತೆರೆಯಬೇಡಿ’ ಎಂಬ ವಾಕ್ಯದ ತುದಿ ಎಣ್ಣೆಯಿಂದ ಮಾಸಿದರೆ ಉಳಿಯುವುದು ಗಾರ್ಡ್ ತೆರೆಯುವ ಮಾತು ಮಾತ್ರ. ಕನ್ನಡ ಓದಲು ಬಾರದ ವಿನ್ಯಾಸಕಾರರು ಜಾಗ ಸಾಲದೆ ‘ತೆರೆಯ’ ಎಂದು ಒಂದು ಸಾಲಿಗೂ ‘ಬೇಡಿ’ ಎಂದು ಮುಂದಿನ ಸಾಲಿಗೂ ಒಡೆದು ಕಳುಹಿಸಿದ ಕರಡನ್ನೂ ನಾನು ತಿದ್ದಿದ್ದೇನೆ. ಆದ್ದರಿಂದ ಮೂರು ನಿಯಮ ಮಾಡಿಕೊಂಡೆ: ನಿಷೇಧದ ವಾಕ್ಯ ನಾಲ್ಕು ಪದ ಮೀರಬಾರದು, ಕ್ರಿಯಾಪದವನ್ನು ಸಾಲುಗಳ ನಡುವೆ ಒಡೆಯಬಾರದು, ಅಡ್ಡಗೆರೆಯಿರುವ ಕೆಂಪು ವೃತ್ತದ ಚಿಹ್ನೆ ವಾಕ್ಯದ ಎಡಕ್ಕೆ, ಅಂದರೆ ಕಣ್ಣು ಮೊದಲು ಬೀಳುವಲ್ಲಿ, ಇರಬೇಕು. ಕನ್ನಡ ಬಾರದ ಕೆಲಸಗಾರರಿಗೂ ಆ ಚಿಹ್ನೆಯೇ ಆಧಾರ. ಮೇಲಿನ ವಾಕ್ಯ ‘ಚಾಲನೆಯಲ್ಲಿದ್ದಾಗ ಗಾರ್ಡ್ ತೆರೆಯಬೇಡಿ’ ಎಂದು ಮೊಟಕಾಯಿತು.

ಬರೆದಾದ ಮೇಲೆ ಕರಡುಗಳನ್ನು ಯಂತ್ರಕ್ಕೆ ಅಂಟಿಸಿ, ಅದನ್ನು ನಡೆಸುವವರನ್ನು ಕರೆದು, ಅರ್ಥವಾಯಿತೇ ಎಂದು ಕೇಳದೆ, ಇದನ್ನು ಓದಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಅರ್ಥವಾಯಿತೇ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ತಗಡನ್ನು ಒತ್ತಿ ಬಗ್ಗಿಸುವ ಮೇಲಿನ ಪಂಚ್ ಮತ್ತು ಕೆಳಗಿನ ಡೈ ನಡುವಿನ ಲೇಬಲ್ ನೋಡಿ ಒಬ್ಬರು, ‘ಕೈ ಹಾಕಬೇಡಿ ಅಂದ್ರಿ ಸರಿ, ಸಿಕ್ಕಿಕೊಂಡ ತುಂಡನ್ನು ಹೇಗೆ ತೆಗೀಬೇಕು?’ ಎಂದರು. ತಪ್ಪಿಸಿಕೊಳ್ಳುವ ದಾರಿಯನ್ನು ಹೇಳದ ಎಚ್ಚರಿಕೆಯ ಕೊರತೆ ಅದೇ. ‘ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ನಂತರ ತೆಗೆಯಿರಿ’ ಎಂಬ ಸಾಲು ಸೇರಿತು. ಅದೇ ಪ್ರಶ್ನೆಯನ್ನು ವಿನ್ಯಾಸದ ಎಂಜಿನಿಯರರ ಮುಂದಿಟ್ಟಾಗ ಒಂದು ಕಡೆ ಲೇಬಲ್ಲಿನ ಬದಲು ತೆರೆದೊಡನೆ ಯಂತ್ರವನ್ನು ನಿಲ್ಲಿಸುವ ಇಂಟರ್‌ಲಾಕ್ ಇರುವ ಗಾರ್ಡನ್ನೇ ಹಾಕಿದರು. ಯಂತ್ರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 12100 ಹೇಳುವ ಕ್ರಮವೂ ಇದೇ: ಮೊದಲು ವಿನ್ಯಾಸದಲ್ಲಿಯೇ ಅಪಾಯ ಕಳೆಯುವುದು, ಆಮೇಲೆ ರಕ್ಷಣಾ ಸಾಧನ, ಮಾಹಿತಿ ಕೊಡುವುದು ಮೂರನೆಯದು.

ಕೊನೆಯದಾಗಿ, ಪ್ರತಿ ಲೇಬಲ್ಲಿಗೂ ಭಾಗದ ಸಂಖ್ಯೆ ಕೊಟ್ಟು ಅದನ್ನು ಬಿಡಿಭಾಗಗಳ ಪಟ್ಟಿಯಲ್ಲಿ ಸೇರಿಸಿದೆ. ಮಾಸಿದ ಲೇಬಲ್ಲಿನ ಬದಲಿಗೆ ಹೊಸದನ್ನು ಈಗ ಸೀಲು, ಬೇರಿಂಗುಗಳಂತೆಯೇ ತರಿಸಿಕೊಳ್ಳಲು ಸಾಧ್ಯವಿದೆ.