ಬಲಮೂಲೆಯ ಬಿಳಿ ಮನೆ

ಹಳೇ ಪತ್ರಿಕೆಯ ಜಾಹೀರಾತಿನಲ್ಲಿ ಚೆಸ್ ಬೋರ್ಡ್ ಕಂಡರೆ ಹಾಳೆ ಕತ್ತರಿಸಿ ಫೈಲಿಗೆ ಹಾಕೋದು ನನ್ನ ಚಟ. ಸಿಗರೇಟೋ, ವಿಸ್ಕಿಯೋ, ಸೂಟಿನ ಬಟ್ಟೆಯೋ, ಮಾರೋದು ಏನೇ ಇರಲಿ, ಬೋರ್ಡಿನ ಮುಂದೆ ಗಲ್ಲಕ್ಕೆ ಕೈಯಿಟ್ಟು ಕೂತವನನ್ನು ನಾವು ಬುದ್ಧಿವಂತ ಅಂತ ಒಪ್ಪಿಕೊಳ್ಳಬೇಕು. ಆ ಫೋಟೋ ತೆಗೆಯುವಾಗ ಆಟ ಬಲ್ಲವರು ಯಾರಾದರೂ ಅಲ್ಲಿದ್ದರಾ ಅನ್ನೋದು ನನ್ನ ಕುತೂಹಲ.

ನಿಯಮ ಸುಲಭ: ಆಟಗಾರನ ಬಲಗೈ ಮೂಲೆಯ ಮನೆ ಬಿಳಿ ಇರಬೇಕು. ಇದೊಂದನ್ನೇ ಹಿಡಿದು ಇಡೀ ಫೈಲು ವಿಂಗಡಿಸಿದೆ. ಅರ್ಧಕ್ಕರ್ಧ ಹಾಳೆಗಳ ಮೇಲೆ ಪೆನ್ಸಿಲಲ್ಲಿ ‘ತಪ್ಪು’ ಅಂತ ಬಿತ್ತು. ಒಂದು ಸಂಜೆ ಮಗಳ ಜೊತೆ ಆಡ್ತಿದ್ದೆ. ಕಾಫಿ ತಂದ ಹೆಂಡತಿ ಮೇಜಿನ ಪಕ್ಕ ನಿಂತು, “ನಿಮ್ಮ ಬೋರ್ಡೂ ತಪ್ಪೇ ಅಲ್ವೇನ್ರೀ? ನನ್ನ ಬಲಕ್ಕೆ ಕಪ್ಪು ಮನೆ ಇದೆ” ಅಂದಳು.

ಜಾಹೀರಾತಿನ ಕ್ಯಾಮೆರಾ ಸಾಮಾನ್ಯವಾಗಿ ನಿಲ್ಲೋದೂ ಅಲ್ಲೇ! ಇಬ್ಬರು ಎಡಕ್ಕೊಬ್ಬ ಬಲಕ್ಕೊಬ್ಬ ಕೂತಿದ್ದರೆ, ನೋಡುವವರಿಗೆ ಹತ್ತಿರದ ಎಡಮೂಲೆ ಬಿಳಿ, ಬಲಮೂಲೆ ಕಪ್ಪು ಇರೋದೇ ಸರಿ. ನಾನು ಲೆಕ್ಕ ಹಾಕಿದ್ದು ನನ್ನ ಬಲಗೈಯದ್ದು. ರಬ್ಬರ್ ಹಿಡಿದು ಕೂತೆ.

ಆಮೇಲೂ ಕೆಲವು ಉಳಿದವು. ಆಟ ಶುರುವಾಗದೆ ಕಾಯಿ ಹೂಡಿಟ್ಟ ಬೋರ್ಡಾದರೆ ರಾಣಿಯನ್ನು ನೋಡ್ತೀನಿ. ಬಿಳಿ ರಾಣಿ ರಾಜನ ಎಡಕ್ಕೇ ಇದ್ದು ಕಪ್ಪು ಮನೆಯಲ್ಲಿದ್ದರೆ ಬೋರ್ಡನ್ನೇ ಅಡ್ಡ ಇಟ್ಟಿದ್ದಾರೆ. ಬಿಳಿ ಮನೆಯಲ್ಲಿದ್ದೂ ಬಲಕ್ಕಿದ್ದರೆ ನೆಗೆಟಿವ್ ಉಲ್ಟಾ ಅಚ್ಚಾಗಿರಬಹುದು. ಇಲ್ಲವೇ, ಬೋರ್ಡು ಅಡ್ಡ ಇಟ್ಟ ಪುಣ್ಯಾತ್ಮ ‘ರಾಣಿ ತನ್ನ ಬಣ್ಣದ ಮನೆಯಲ್ಲಿ’ ಅನ್ನೋದನ್ನು ಮಾತ್ರ ನೆನಪಿಟ್ಟಿರಬಹುದು. ಆಗ ಕೋಟಿನ ಎದೆಜೇಬು ತೀರ್ಪು ಹೇಳುತ್ತೆ. ಅದು ಬಲ ಎದೆಯ ಮೇಲಿದ್ದರೆ ತಪ್ಪು ಅಚ್ಚುಕೂಟದ್ದು.

ಸಿನಿಮಾದವರು ಕೆಲವೊಮ್ಮೆ ಹೆಚ್ಚು ನಿಷ್ಠರು. ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಹಾಲ್ ಕಂಪ್ಯೂಟರ್ ಆಡೋದು 1910ರಲ್ಲಿ ಹ್ಯಾಂಬರ್ಗಿನಲ್ಲಿ ರೋಶ್ ಮತ್ತು ಶ್ಲಾಗೆ ನಿಜವಾಗಿ ಆಡಿದ ಆಟ. ನಿರ್ದೇಶಕ ಕ್ಯೂಬ್ರಿಕ್ ಸ್ವತಃ ಚೆಸ್ ಹುಚ್ಚಿನವನು. 1963ರ ಬಾಂಡ್ ಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ ಕೂಡ 1960ರ ಸ್ಪಾಸ್ಕಿ–ಬ್ರಾನ್‌ಸ್ಟೈನ್ ಆಟವನ್ನು ಎತ್ತಿಕೊಂಡಿದೆ, ನಡುವಿನ ಎರಡು ಕಾಲಾಳು ಮಾತ್ರ ಮಾಯ.

ಗೋಡೆಗೆ ಹಾಕಿಕೊಂಡಿರೋದು ಒಂದೇ ಪ್ರತಿ: 1925ರ ನೀಸ್ ಚೆಸ್ ಪಂದ್ಯಾವಳಿಗೆ ಕಲಾವಿದ ಮಾರ್ಸೆಲ್ ಡುಶಾಂ ಮಾಡಿದ ಪೋಸ್ಟರ್. ಆ ಫ್ರೆಂಚ್ ಚಾಂಪಿಯನ್‌ಷಿಪ್‌ನಲ್ಲಿ ಅವನೂ ಆಡಿದ್ದ. ಬೋರ್ಡೇ ಇಲ್ಲ, ರಾಜನ ಆಕಾರದೊಳಗೆ ಘನಗಳು ಒಂದರ ಮೇಲೊಂದು ಉರುಳಿ ಬಿದ್ದಿವೆ. ಬಲಮೂಲೆ ಹುಡುಕಲು ಹೋದೆ, ಮೂಲೆಯೇ ಸಿಗಲಿಲ್ಲ.